ಉಳಿದ ಮದ್ದಿನ ವಿಲೇವಾರಿ: ಒಂದು ಮಾರ್ಗಸೂಚಿಯ ಗುಣದೋಷ ವಿವೇಚನೆ

ರೋಗ ಶಮನವಾದ ಬಳಿಕ ಮನೆಯ ಕಪಾಟಿನಲ್ಲಿ ಉಳಿದುಬಿಡುವ ಗುಳಿಗೆಗಳೂ ಔಷಧದ ಸೀಸೆಗಳೂ ಅವಧಿ ಮೀರಿದೊಡನೆ ನಿರುಪಯುಕ್ತವಾಗುವುವೇ ಹೊರತು ನಿರಪಾಯಕರವಾಗುವುದಿಲ್ಲವೆಂಬ ತಥ್ಯವನ್ನು ಆಧಾರವಾಗಿಟ್ಟುಕೊಂಡು, ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯು 2025ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಆದರಕ್ಕೂ ಪರೀಕ್ಷೆಗೂ ಸಮನಾಗಿ ಅರ್ಹವಾದುದು.

ಫೆಂಟಾನಿಲ್, ಮಾರ್ಫಿನ್, ಟ್ರಮಡಾಲ್, ಡಯಾಜೆಪಾಮ್ ಮೊದಲಾದ 17 ಔಷಧಗಳನ್ನು ಶೌಚಾಲಯದಲ್ಲಿ ನೀರಿನೊಡನೆ ಹರಿಯಬಿಡಬೇಕೆಂಬುದು ಅದರ ಅತ್ಯಂತ ಚರ್ಚಾಸ್ಪದವಾದ ವಿಧಿ. ಜಲಮಾಲಿನ್ಯವನ್ನು ಬಲ್ಲವರಿಗೆ ಇದು ಮೊದಲ ನೋಟಕ್ಕೆ ಅಸಂಗತವೆಂದು ತೋರಿದರೂ, ಇವುಗಳ ಒಂದು ಸಲದ ಸೇವನೆಯೇ ಅರಿಯದ ಶಿಶುವಿನ ಪ್ರಾಣವನ್ನು ಅಪಹರಿಸಬಲ್ಲುದಾದ್ದರಿಂದ, ದೂರದ ಹೊಳೆಗೆ ಒದಗುವ ಹಾನಿಗಿಂತ ಮನೆಯೊಳಗಿನ ಪ್ರಾಣಭಯವನ್ನು ಗುರುತರವೆಂದೆಣಿಸಿದ ತಾರತಮ್ಯಜ್ಞಾನವು ಯುಕ್ತವೇ ಸರಿ. ಆದರೆ ಒಳಚರಂಡಿಯುಳ್ಳ ಪಟ್ಟಣಕ್ಕೆ ಸಲ್ಲುವ ಈ ವಿಧಿಯನ್ನು, ಶೌಚದ ಗುಂಡಿಯೂ ಕುಡಿಯುವ ನೀರಿನ ಬಾವಿಯೂ ಒಂದೇ ಹಿತ್ತಲಲ್ಲಿರುವ ನಮ್ಮ ಹಳ್ಳಿಯ ಮನೆಗೆ ಅಷ್ಟೇ ನಿಶ್ಚಿಂತೆಯಿಂದ ಅನ್ವಯಿಸಲಾಗದು.

ಉಳಿದ ಔಷಧಗಳನ್ನು ಮರಳಿ ಪಡೆಯುವುದಕ್ಕಾಗಿ ರಾಜ್ಯದ ಔಷಧ ನಿಯಂತ್ರಣ ಇಲಾಖೆಗಳೂ ಔಷಧ ವ್ಯಾಪಾರಿಗಳ ಸಂಘಗಳೂ ಕೂಡಿ ಕೇಂದ್ರಗಳನ್ನು ತೆರೆಯಬೇಕೆಂಬ ಸಲಹೆಯೇ ಈ ಮಾರ್ಗಸೂಚಿಯ ಸಾರಭಾಗ. ಅದು ಸಲಹೆಯಾಗಿಯೇ ನಿಂತುದು ಅದರ ಮುಖ್ಯ ನ್ಯೂನತೆ. ಅವಧಿ ಮೀರಿದ ಔಷಧವನ್ನು ಗೃಹಜನ್ಯ ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿ, 20 ಚದರ ಕಿಲೋಮೀಟರಿಗೊಂದು ಸಂಗ್ರಹಣ ಕೇಂದ್ರವಿರಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ವಿಧಿಸಿದ್ದುವು. ಆದರೂ, ಅಂಥ ಕೇಂದ್ರವು ತನ್ನ ಊರಿನಲ್ಲಿ ಎಲ್ಲಿದೆಯೆಂದು ಹೇಳಬಲ್ಲ ಗೃಹಸ್ಥನು ವಿರಳ. ಹೀಗಾಗಿ ಪ್ರತಿಜೈವಿಕಗಳು ತಿಪ್ಪೆಯ ಮಣ್ಣನ್ನು ಸೇರಿ ಔಷಧಕ್ಕೆ ಬಗ್ಗದ ರೋಗಾಣುಗಳ ಪೋಷಣೆಗೆ ಕಾರಣವಾಗುತ್ತವೆ; ಬರಿಗೈಯಿಂದ ಕಸವನ್ನು ಬೇರ್ಪಡಿಸುವ ಪೌರಕಾರ್ಮಿಕರ ಆರೋಗ್ಯವೂ ಅಪಾಯಕ್ಕೀಡಾಗುತ್ತದೆ.

ಉಳಿದ ಮದ್ದನ್ನು ಮರಳಿ ಪಡೆಯುವುದು ಅಸಾಧ್ಯವಾದ ಕಾರ್ಯವೇನೂ ಅಲ್ಲ. ನೆರೆಯ ಕೇರಳವು 2025ರಲ್ಲಿ ‘ಎನ್‌ಪ್ರೌಡ್’ ಯೋಜನೆಯನ್ನು ಕೋಳಿಕ್ಕೋಡ್ ನಗರದಲ್ಲಿ ಆರಂಭಿಸಿ, ಜನರಿಂದ ಔಷಧಗಳನ್ನು ಸಂಗ್ರಹಿಸಿ ವೈಜ್ಞಾನಿಕವಾಗಿ ನಾಶಪಡಿಸುವ ಕ್ರಮವನ್ನು ಕೈಗೊಂಡಿತು. 1993ರಲ್ಲಿ ‘ಸಿಕ್ಲಾಮೆಡ್’ ಸಂಸ್ಥೆಯು ಹುಟ್ಟಿದ ಫ್ರಾನ್ಸಿನಲ್ಲಿ, ಗ್ರಾಹಕನು ತಂದೊಪ್ಪಿಸಿದ ಮದ್ದನ್ನು ಶುಲ್ಕವಿಲ್ಲದೆ ಸ್ವೀಕರಿಸುವುದು 2007ರ ಕಾನೂನಿನಿಂದ ಪ್ರತಿಯೊಂದು ಔಷಧಾಲಯದ ಕರ್ತವ್ಯವಾಯಿತು. ಔದಾರ್ಯಕ್ಕೆ ಬಿಟ್ಟ ಕಾರ್ಯವು ಕರ್ತವ್ಯವಾಗಿ ಮಾರ್ಪಟ್ಟುದೇ ಅಲ್ಲಿಯ ವ್ಯವಸ್ಥೆಯ ಬಲ.

ಆದ್ದರಿಂದ ನಮ್ಮ ಮಾರ್ಗಸೂಚಿಯು ವಿವೇಕಪೂರ್ಣವಾದರೂ ಅಪೂರ್ಣವೆಂದೇ ನನ್ನ ನಿರ್ಣಯ. ಮನೆಯವರಿಗೆ ಎಸೆಯಬೇಡಿರೆಂದು ಬೋಧಿಸುವ ಅಧಿಕಾರವು ಎಲ್ಲಿಗೆ ಒಪ್ಪಿಸಬೇಕೆಂಬುದನ್ನು ತೋರಿಸುವ ಹೊಣೆಯನ್ನೂ ಹೊರತಕ್ಕದ್ದು. ಮಾರುವ ಅಂಗಡಿಗೆ ಪರವಾನಗಿಯನ್ನು ನೀಡುವಾಗಲೇ ಮರಳಿ ಪಡೆಯುವ ಕರ್ತವ್ಯವನ್ನೂ ವಿಧಿಸಿ, ಅದರ ವೆಚ್ಚವನ್ನು ತಯಾರಕರಿಗೆ ಹೊರಿಸಿದಲ್ಲಿ ಮಾತ್ರ ಈ ಸದುಪದೇಶವು ಸದಾಚಾರವಾಗಬಲ್ಲುದು.