ಎಡ್ಮಂಡ್ ಗಾಸನ ‘ಫಾದರ್ ಅಂಡ್ ಸನ್’

ಕ್ರೈಸ್ತ ಗೃಹವೊಂದರಲ್ಲಿ ಮಗುವಿನ ಮನಸ್ಸನ್ನು ತಿದ್ದಿ ರೂಪಿಸಲು ನಡೆದ ಪ್ರಯತ್ನವನ್ನು ಬಣ್ಣಿಸುವ ಆಂಗ್ಲ ಗ್ರಂಥಗಳಲ್ಲಿ ಎಡ್ಮಂಡ್ ಗಾಸನ ‘ಫಾದರ್ ಅಂಡ್ ಸನ್’ ಎಂಬುದಕ್ಕೆ ವಿಶೇಷವಾದ ಸ್ಥಾನವುಂಟು. 1907ರಲ್ಲಿ ಇದು ಮೊದಲು ಅಚ್ಚಾದಾಗ ಗ್ರಂಥಕರ್ತನ ಹೆಸರು ಅದರಲ್ಲಿ ಇರಲಿಲ್ಲ.

ತಂದೆಯಾದ ಫಿಲಿಪ್ ಹೆನ್ರಿ ಗಾಸನು ಸಮುದ್ರಜೀವಿಗಳನ್ನು ಕುರಿತು ಬರೆದು ಹೆಸರಾದ ಪ್ರಾಣಿಶಾಸ್ತ್ರಜ್ಞನು. ಪ್ಲಿಮತ್ ಬ್ರದರೆನ್ ಎಂಬ ಕಟ್ಟುನಿಟ್ಟಾದ ಪಂಥಕ್ಕೆ ಸೇರಿದವನು. ತಾಯಿ ಎಮಿಲಿಯದೂ ಅದೇ ಶ್ರದ್ಧೆ. 1849ರಲ್ಲಿ ಜನಿಸಿದ ಏಕಮಾತ್ರ ಪುತ್ರನನ್ನು ಈ ದಂಪತಿಗಳು ಹಸುಗೂಸಾಗಿದ್ದಾಗಲೇ ದೇವರ ಸೇವೆಗೆ ಅರ್ಪಿಸಿದರು. 1857ರಲ್ಲಿ ತಾಯಿಯು ಮರಣಶಯ್ಯೆಯಲ್ಲಿ ಆ ಅರ್ಪಣವನ್ನು ಪುನಃ ದೃಢಪಡಿಸಿದಳು. ತಾನು ಯಾರೆಂಬ ಪ್ರಶ್ನೆಯು ಮಗುವಿನಲ್ಲಿ ಹುಟ್ಟುವ ಮೊದಲೇ ಅದಕ್ಕೆ ಉತ್ತರವು ಸಿದ್ಧವಾಗಿದ್ದಿತು. ಗ್ರಂಥದ ಮರ್ಮವೆಲ್ಲವೂ ಇದರಲ್ಲಿಯೇ ಅಡಗಿದೆ.

ಆ ಮನೆಯಲ್ಲಿ ಕಟ್ಟುಕಥೆಗೆ ಪ್ರವೇಶವಿರಲಿಲ್ಲ. ಕಥೆ ಕಟ್ಟುವುದು ಪಾಪವೆಂದು ಎಮಿಲಿಗೆ ಬಾಲ್ಯದಲ್ಲಿ ಅವಳ ಉಪಾಧ್ಯಾಯಿನಿಯು ಬೋಧಿಸಿದ್ದಳು. ಆದುದರಿಂದ ‘ಒಂದಾನೊಂದು ಊರಿನಲ್ಲಿ’ ಎಂಬಂಥ ಮಾತನ್ನು ಆ ಹುಡುಗನು ಎಂದೂ ಕೇಳಲಿಲ್ಲ. ಇಷ್ಟಾದರೂ ಅವನಲ್ಲಿ ಅಂತರಂಗದ ಬಾಳು ಮೊಳೆಯದೆ ಇರಲಿಲ್ಲ. ತೋಟದ ಕಾರಂಜಿಯ ಕೊಳವೆಗೆ ತಾನೇ ತೂತು ಮಾಡಿದ್ದರೂ, ತಂದೆಯು ಅದನ್ನು ಕೆಲಸಗಾರರ ತಪ್ಪೆಂದು ತಿಳಿದುದನ್ನು ಅವನು ಕಂಡನು. ತಂದೆಯು ಸರ್ವಜ್ಞನಲ್ಲ, ತನಗೆ ಮಾತ್ರ ತಿಳಿದ ಗುಟ್ಟೊಂದು ಜಗತ್ತಿನಲ್ಲಿದೆ, ಆ ಗುಟ್ಟನ್ನು ಹಂಚಿಕೊಳ್ಳಲು ತನ್ನೊಳಗೇ ಇನ್ನೊಬ್ಬನು ಇದ್ದಾನೆ. ಸುಮಾರು ಆರು ವರ್ಷದ ಬಾಲಕನಿಗೆ ತೋರಿದ ಈ ‘ತಾನು’ ಯಾರ ಬೋಧೆಯಿಂದಲೂ ಬಂದುದಲ್ಲ. ವಿಗ್ರಹಾರಾಧನೆಗೆ ದೇವರು ಮುನಿಯುವನೆಂಬ ಮಾತನ್ನು ಪರೀಕ್ಷಿಸಲು ಅವನು ಒಂದು ಕುರ್ಚಿಗೆ ಪ್ರಾರ್ಥನೆ ಸಲ್ಲಿಸಿ ಕಾದು ಕುಳಿತ ಪ್ರಸಂಗವೂ ಈ ಜಾತಿಗೆ ಸೇರಿದ್ದೇ.

ಹೊರಗಿನಿಂದ ತೊಡಿಸಿದ ‘ತಾನು’ ಯಾವ ಫಲವನ್ನು ಕೊಟ್ಟಿತು? 1859ರಲ್ಲಿ, ಹತ್ತು ವರ್ಷದವನಿಗೆ, ದೊಡ್ಡವರಿಗೆ ಮೀಸಲಾದ ದೀಕ್ಷಾಸ್ನಾನವನ್ನು ಮಾಡಿಸಿದರು. ಅವನು ಉದ್ಧಾರ ಹೊಂದಿದ ಆತ್ಮನೆಂದು ತಂದೆಯು ಸಭೆಯ ಮುಂದೆ ಸಾಕ್ಷಿ ನುಡಿದನು. ಸಂತರ ಪಂಕ್ತಿಯನ್ನು ಏರಿದ ಹುಡುಗನು ಆರಾಧನೆಯ ನಡುವೆ ಜೊತೆಯ ಹುಡುಗರಿಗೆ ನಾಲಗೆಯನ್ನು ಚಾಚಿ ಅಣಕಿಸಿದನು! ವಿನಯವು ಬೆಳೆಯಬೇಕಾದಲ್ಲಿ ಗರ್ವವು ಬೆಳೆಯಿತು. ಗಾಸನು ಇದನ್ನು ಮುಚ್ಚಿಡದೆ ಹೇಳಿರುವುದು ಅವನ ಪ್ರಾಮಾಣಿಕತೆಗೆ ಸಾಕ್ಷಿ. ಹಿಂಸೆಯಿಂದಲ್ಲ, ಹೊಗಳಿಕೆಯಿಂದಲೂ ಮಗುವಿಗೆ ತನ್ನ ವಿಷಯದಲ್ಲಿ ಸುಳ್ಳು ನಂಬಿಕೆ ಉಂಟಾಗಬಹುದೆಂದು ಈ ಒಂದು ಪ್ರಸಂಗವು ಗೃಹಸ್ಥರಿಗೆ ತೋರಿಸಿಕೊಡುವುದು.

ಹಾಗೆಂದು ತಂದೆಯನ್ನು ಕ್ರೂರಿಯೆಂದು ಭಾವಿಸಲಾಗದು. ಡೆವನ್ ಕಡಲತೀರದ ಬಂಡೆಗಳ ನಡುವೆ ಮಗನ ಜೊತೆಯಲ್ಲಿ ಜೀವಿಗಳನ್ನು ಹುಡುಕುವ ಫಿಲಿಪನ ಚಿತ್ರವು ಗ್ರಂಥದ ಅತ್ಯಂತ ಹೃದ್ಯವಾದ ಭಾಗಗಳಲ್ಲೊಂದು. ಅವನಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಮಗನು ತನಗೆ ತಿಳಿಯದ ಯಾವನೋ ಒಬ್ಬನಾಗಿರಬಹುದೆಂಬ ಶಂಕೆಗೆ ಮಾತ್ರ ಆ ಪ್ರೀತಿಯಲ್ಲಿ ಎಡೆಯಿರಲಿಲ್ಲ. ಮಗನು ಲಂಡನ್ನಿಗೆ ಹೋದ ಮೇಲೂ ಅವನ ಆತ್ಮದ ಸ್ಥಿತಿಯನ್ನು ವಿಚಾರಿಸುವ ಕಾಗದಗಳು ಬೆನ್ನಟ್ಟಿ ಬರುತ್ತಲೇ ಇದ್ದುವು.

ಗ್ರಂಥದಲ್ಲಿ ಒಂದು ದೋಷವನ್ನು ಎತ್ತಿ ಹೇಳಬೇಕಾಗಿದೆ. ಆರು ವರ್ಷದವನ ಅನುಭವವನ್ನು ಐವತ್ತೆಂಟರ ಸಾಹಿತಿಯು ಬರೆದಿದ್ದಾನೆ. ನೆನಪಿಗೆ ಕಲೆಯ ಲೇಪವಾಗಿದೆ. ಇದೇ ಗಾಸನು 1890ರಲ್ಲಿ ಪ್ರಕಟಿಸಿದ ತಂದೆಯ ಜೀವನಚರಿತ್ರೆಯ ಧಾಟಿಯೇ ಬೇರೆ. ಫಿಲಿಪನು ಮಗನು ಚಿತ್ರಿಸಿದುದಕ್ಕಿಂತ ಮೃದುಹೃದಯಿಯಾಗಿದ್ದನೆಂದು ಆನ್ ಥ್ವೈಟ್ 2002ರಲ್ಲಿ ಬರೆದ ಚರಿತ್ರೆಯಲ್ಲಿ ವಾದಿಸಿದ್ದಾಳೆ. 1888ರಲ್ಲೇ ತೀರಿಹೋಗಿದ್ದ ತಂದೆಗೆ ಉತ್ತರಿಸುವ ಅವಕಾಶವಿರಲಿಲ್ಲ. ಮಗನು ಇಂಥವನೆಂದು ತಂದೆಯು ಮೊದಲೇ ನಿರ್ಣಯಿಸಿದ್ದನು. ತಂದೆಯು ಇಂಥವನೆಂದು ಮಗನು ಕೊನೆಯಲ್ಲಿ ನಿರ್ಣಯಿಸಿದನು.

ಆದರೂ ಗ್ರಂಥದ ಮುಖ್ಯ ತಾತ್ಪರ್ಯಕ್ಕೆ ಇದರಿಂದ ಭಂಗವಿಲ್ಲ. ಶ್ರದ್ಧೆಯನ್ನು ಕಲಿಸುವುದು ತಾಯಿತಂದೆಗಳ ಹಕ್ಕು. ಬಹುಶಃ ಕರ್ತವ್ಯವೂ ಹೌದು. ಕಲಿತ ಶ್ರದ್ಧೆಗೆ ಮಗುವು ಕೊಡಬೇಕಾದ ಉತ್ತರವನ್ನು ಅದರ ಪರವಾಗಿ ತಾವೇ ನುಡಿಯುವ ಹಕ್ಕು ಮಾತ್ರ ಅವರಿಗಿಲ್ಲ. ಧರ್ಮ ಯಾವುದೇ ಆಗಿರಲಿ, ಮಕ್ಕಳಿರುವ ಮನೆಯವರು ಓದಿ ಆಲೋಚಿಸತಕ್ಕ ಗ್ರಂಥವಿದು.