ಎರಡನೇ ವಾರದ ಜ್ವರ

ಕೋವಿಡ್ ಕಾಲದಲ್ಲಿ ಐಸಿಯು ಬಾಗಿಲ ಹೊರಗೆ ಕಾದು ಕೂತವರಿಗೆ ಒಂದು ಬಗೆಯ ಫೋನ್ ಕರೆ ಚೆನ್ನಾಗಿ ಗೊತ್ತು. ಮೊದಲ ವಾರ ಆಕ್ಸಿಜನ್ ಮಟ್ಟ ಏರುತ್ತಿದೆ ಎಂದು ಧೈರ್ಯ ಹೇಳಿದ ಡಾಕ್ಟರು ಹತ್ತನೆಯದೋ ಹನ್ನೆರಡನೆಯದೋ ದಿನ ದನಿ ತಗ್ಗಿಸುತ್ತಾರೆ: ಜ್ವರ ಮತ್ತೆ ಬಂದಿದೆ, ಇನ್ಫೆಕ್ಷನ್ ಆಗಿದೆ, ಆ್ಯಂಟಿಬಯೋಟಿಕ್ ಬದಲಾಯಿಸಿದ್ದೇವೆ. ಕೋವಿಡ್ ಅನ್ನುವುದೇ ಇನ್ಫೆಕ್ಷನ್ ಅಲ್ಲವೇ, ಇದ್ಯಾವುದು ಹೊಸದು ಎಂಬ ಪ್ರಶ್ನೆ ಮನೆಯವರ ಬಾಯಿಗೆ ಬರುವಷ್ಟರಲ್ಲಿ ಕರೆ ಮುಗಿದಿರುತ್ತದೆ.

ಆ ಪ್ರಶ್ನೆಯನ್ನು ದೊಡ್ಡ ಮಟ್ಟದಲ್ಲಿ ಎತ್ತಿಕೊಂಡದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್. ಔಷಧಕ್ಕೆ ಬಗ್ಗದ ರೋಗಾಣುಗಳ ಮೇಲೆ ಕಣ್ಣಿಡಲು ಅದು ಮೊದಲೇ ಆಸ್ಪತ್ರೆಗಳ ಜಾಲವೊಂದನ್ನು ಕಟ್ಟಿಕೊಂಡಿತ್ತು. ಆ ಜಾಲದ 10 ಆಸ್ಪತ್ರೆಗಳಲ್ಲಿ 2020ರ ಜೂನ್‌ನಿಂದ ಆಗಸ್ಟ್‌ವರೆಗೆ ದಾಖಲಾದ 17,534 ಕೋವಿಡ್ ರೋಗಿಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ವೈರಸ್ ಹಿಂದೆಯೇ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ಸೋಂಕು ತಗುಲಿದವರು ಶೇ 3.6. ಅವರಲ್ಲಿ ತೀರಿಕೊಂಡವರು ಶೇ 56.7. ದಾಖಲಾದ ಎಲ್ಲ ಕೋವಿಡ್ ರೋಗಿಗಳನ್ನೂ ಲೆಕ್ಕಕ್ಕೆ ಹಿಡಿದರೆ ಸಾವು ಶೇ 10.6.

ಇಂಥ ಅಧ್ಯಯನವನ್ನು ಓದುವಾಗ ಕಣ್ಣು ಮೊದಲು 3.6ರ ಮೇಲೆ ಬಿದ್ದು ಸಮಾಧಾನಪಟ್ಟುಕೊಳ್ಳುತ್ತದೆ. ಆದರೆ ಇದರ ನಿಜವಾದ ಬೆಲೆ ಇರುವುದು ರೋಗಾಣುಗಳ ಹೆಸರಿನಲ್ಲಿ. ಬೀದಿಯಿಂದ ಬಂದ ನ್ಯುಮೋನಿಯಾ ಆಗಿದ್ದರೆ ನ್ಯುಮೊಕಾಕಸ್‌ನಂಥ ಹಳೆಯ ಪರಿಚಿತರು ಮುಂದಿರಬೇಕಿತ್ತು. ಇಲ್ಲಿ ಮೊದಲ ಸ್ಥಾನ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆಗೆ, ಶೇ 29. ಅದರ ಹಿಂದೆ ಅಸಿನೆಟೊಬ್ಯಾಕ್ಟರ್ ಬೌಮಾನಿಯೈ, ಶೇ 21. ಎರಡೂ ಐಸಿಯುಗಳ ಹಳೆಯ ನಿವಾಸಿಗಳು. ಅಸಿನೆಟೊಬ್ಯಾಕ್ಟರ್ ಅಂತೂ ಮಂಚದ ಕಂಬಿಯ ಮೇಲೆ, ವೆಂಟಿಲೇಟರಿನ ಗುಂಡಿಯ ಮೇಲೆ ನೀರಿಲ್ಲದೆ ವಾರಗಟ್ಟಲೆ ಬದುಕಬಲ್ಲದು. ಉಳಿದೆಲ್ಲ ಸೋತಾಗ ಡಾಕ್ಟರುಗಳು ಕೈಗೆತ್ತಿಕೊಳ್ಳುವ ಕಾರ್ಬಪೆನೆಮ್ ಗುಂಪಿನ ಔಷಧಗಳಿಗೆ ಈ ಅಸಿನೆಟೊಬ್ಯಾಕ್ಟರ್‌ಗಳಲ್ಲಿ ಶೇ 92.6, ಕ್ಲೆಬ್ಸಿಯೆಲ್ಲಾಗಳಲ್ಲಿ ಶೇ 72.8 ಬಗ್ಗಲಿಲ್ಲ. ರೋಗಿ ವೈರಸ್ ಹೊತ್ತು ಆಸ್ಪತ್ರೆಗೆ ಬಂದ. ಈ ಎರಡನೆಯದನ್ನು ಅವನಿಗೆ ಹೆಚ್ಚಿನ ಪಾಲು ಆಸ್ಪತ್ರೆಯೇ ಕೊಟ್ಟಿತು.

ಅಧ್ಯಯನಕ್ಕೆ ಮಿತಿಗಳಿವೆ, ಅವನ್ನು ಹೇಳದೆ ಹೊಗಳುವುದು ಸರಿಯಾಗದು. ರೋಗಾಣುವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ಮಾದರಿ ಕಳಿಸಿದರೆ ಮಾತ್ರ ಸೋಂಕು ಲೆಕ್ಕಕ್ಕೆ ಬರುತ್ತದೆ. ಪಿಪಿಇ ತೊಟ್ಟು ಬೆವರುತ್ತಿದ್ದ ಸಿಬ್ಬಂದಿ, ಕಫದ ಮಾದರಿ ತೆಗೆಯುವಾಗ ವೈರಸ್ ಹರಡೀತೆಂಬ ಭಯ, ಕೋವಿಡ್ ಪರೀಕ್ಷೆಗಳಲ್ಲೇ ಮುಳುಗಿದ್ದ ಲ್ಯಾಬುಗಳು, ಇವುಗಳ ನಡುವೆ ಎಷ್ಟು ಮಾದರಿಗಳು ಹೋಗಿರಬಹುದು? 3.6 ಎಂಬುದು ಕೆಳಗಿನ ಅಂದಾಜು ಎಂದುಕೊಳ್ಳುವುದೇ ಕ್ಷೇಮ. ಜೊತೆಗೆ, ಎರಡನೇ ಸೋಂಕು ತಗುಲಿದವರು ಮೊದಲೇ ಹೆಚ್ಚು ನರಳುತ್ತಿದ್ದವರು, ಹೆಚ್ಚು ದಿನ ವೆಂಟಿಲೇಟರಿನಲ್ಲಿದ್ದವರು. ಆದ್ದರಿಂದ 56.7 ಮತ್ತು 10.6ರ ನಡುವಿನ ಅಂತರವನ್ನೆಲ್ಲ ಬ್ಯಾಕ್ಟೀರಿಯಾದ ತಲೆಗೆ ಕಟ್ಟಲಾಗದು. ಇದೆಲ್ಲ ದೊಡ್ಡ ಪ್ರಯೋಗಾಲಯವಿರುವ ಆಸ್ಪತ್ರೆಗಳ ಕಥೆ. ಸಣ್ಣ ಊರಿನ ನರ್ಸಿಂಗ್ ಹೋಮುಗಳು ಈ ಚಿತ್ರದಲ್ಲೇ ಇಲ್ಲ.

ವೈರಸ್ ಬಾಗಿಲು ಒಡೆದು ಬ್ಯಾಕ್ಟೀರಿಯಾ ಒಳನುಗ್ಗುವುದು ಹೊಸ ಸಂಗತಿಯಲ್ಲ. ಉಸಿರುನಾಳದ ಒಳಪದರದಲ್ಲಿ ಕೂದಲಿನಂಥ ಸೂಕ್ಷ್ಮ ಎಳೆಗಳಿರುತ್ತವೆ. ಕಫವನ್ನೂ ಅದರಲ್ಲಿ ಸಿಕ್ಕ ರೋಗಾಣುಗಳನ್ನೂ ಮೇಲಕ್ಕೆ ಗುಡಿಸುವುದು ಅವುಗಳ ಕೆಲಸ. ಇನ್‌ಫ್ಲುಯೆಂಜಾ ಆ ಪದರವನ್ನು ಕಿತ್ತುಹಾಕುತ್ತದೆ. ಗುಡಿಸುವವರಿಲ್ಲದ ಶ್ವಾಸಕೋಶಕ್ಕೆ ಮೂಗು ಗಂಟಲಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾಗಳು ಇಳಿಯುತ್ತವೆ. 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಸತ್ತ 58 ಮಂದಿಯ ಶ್ವಾಸಕೋಶದ ಮಾದರಿಗಳನ್ನು ಅಮೆರಿಕದ ವಿಜ್ಞಾನಿಗಳಾದ ಡೇವಿಡ್ ಮೋರೆನ್ಸ್, ಜೆಫ್ರಿ ಟೌಬೆನ್‌ಬರ್ಗರ್ ಮತ್ತು ಆಂಟನಿ ಫೌಚಿ ಮತ್ತೆ ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು. ಹಳೆಯ ಶವಪರೀಕ್ಷೆಯ ಸಾವಿರಾರು ದಾಖಲೆಗಳನ್ನೂ ತಿರುವಿ ಹಾಕಿದರು. ಹೆಚ್ಚಿನವರ ಜೀವ ತೆಗೆದದ್ದು ಜ್ವರದ ಹಿಂದೆ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ ಎಂಬುದು ಅವರ ತೀರ್ಮಾನ.

1918ರಲ್ಲಿ ಪೆನಿಸಿಲಿನ್ ಇರಲಿಲ್ಲ. 2020ರಲ್ಲಿ ಔಷಧಗಳ ಕೊರತೆ ಇರಲಿಲ್ಲ, ಆದರೆ ಹಳೆಯ ಪಾಠವನ್ನು ಹಾಗೇ ಎತ್ತಿ ಹೊಸ ರೋಗಕ್ಕೆ ಹಚ್ಚಲಾಯಿತು. ಕೋವಿಡ್ ಎಂದೊಡನೆ ಆ್ಯಂಟಿಬಯೋಟಿಕ್ ‘ಕವರ್’ ಕೊಡುವುದು ರೂಢಿಯಾಯಿತು. ಡಾಕ್ಟರುಗಳ ಬಾಯಲ್ಲಿ ಈ ಮಾತು ಸಲೀಸು. ರಕ್ಷೆಯ ಹೊದಿಕೆ ಹೊದಿಸಿದಂತೆ ಕೇಳಿಸುತ್ತದೆ. 2020ರಲ್ಲೇ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಾಖಲಾಗುವ ಹೊತ್ತಿಗೆ ಬ್ಯಾಕ್ಟೀರಿಯಾ ಸೋಂಕೂ ಇದ್ದವರು ಶೇ 3.5 ಮಾತ್ರ ಎಂದು ಕಂಡಿತ್ತು. ಆ್ಯಂಟಿಬಯೋಟಿಕ್ ಪಡೆದವರು ಶೇ 70ಕ್ಕೂ ಹೆಚ್ಚು. ಅಜಿತ್ರೊಮೈಸಿನ್‌ನಿಂದ ಆಸ್ಪತ್ರೆಯ ಕೋವಿಡ್ ರೋಗಿಗಳ ಸಾವು ಕಡಿಮೆಯಾಗುವುದಿಲ್ಲ ಎಂದು ಬ್ರಿಟನ್ನಿನ ರಿಕವರಿ ಪ್ರಯೋಗ 7,700ಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿ ಹೇಳಿತು. ಚೀಟಿಗಳಿಂದ ಆ ಮಾತ್ರೆ ಮಾತ್ರ ಬೇಗ ಮಾಯವಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಮುಂದಿಟ್ಟ ಲೆಕ್ಕವೂ ಇದನ್ನೇ ಹೇಳಿತು: 65 ದೇಶಗಳ ಸುಮಾರು 4.5 ಲಕ್ಷ ರೋಗಿಗಳಲ್ಲಿ ಆ್ಯಂಟಿಬಯೋಟಿಕ್ ಬೇಕಾಗುವಂಥ ಸೋಂಕು ಇದ್ದವರು ಶೇ 8, ಔಷಧ ಪಡೆದವರು ಶೇ 75.

ಮೊದಲ ಕೆಲವು ವಾರಗಳಲ್ಲಿ ಇದನ್ನು ಕ್ಷಮಿಸಬಹುದಿತ್ತು. ರೋಗ ಹೊಸದು, ಎಕ್ಸ್‌ರೇ ನೋಡಿ ವೈರಸ್ಸೋ ಬ್ಯಾಕ್ಟೀರಿಯಾವೋ ಎಂದು ಹೇಳುವುದು ಕಷ್ಟ, ಎದುರಿಗೆ ಉಸಿರು ಕಟ್ಟುತ್ತಿರುವ ಮನುಷ್ಯ. ಪುರಾವೆ ಬಂದ ಮೇಲೂ ರೂಢಿ ಮುಂದುವರಿದದ್ದು ತಪ್ಪು. ಮೊದಲ ದಿನ ಕೊಟ್ಟ ‘ಕವರ್’ ಎರಡನೇ ವಾರದ ಸೋಂಕನ್ನು ತಡೆಯುವುದಿಲ್ಲ. ಕರುಳು ಗಂಟಲುಗಳಲ್ಲಿರುವ ಸಾಧುವಾದ ಬ್ಯಾಕ್ಟೀರಿಯಾಗಳನ್ನು ಅದು ಕೊಂದು, ಔಷಧಕ್ಕೆ ಜಗ್ಗದವುಗಳಿಗೆ ಜಾಗ ತೆರವು ಮಾಡಿಕೊಡುತ್ತದೆ. ಹನ್ನೆರಡನೇ ದಿನ ನಿಜವಾದ ಶತ್ರು ಬಂದಾಗ ಡಾಕ್ಟರ ಬತ್ತಳಿಕೆ ಬರಿದಾಗಿರುತ್ತದೆ.

ಸ್ಟಿರಾಯ್ಡ್ ಕಥೆ ಇನ್ನೂ ನೋವಿನದು, ಏಕೆಂದರೆ ಅದು ನಿಜಕ್ಕೂ ಜೀವ ಉಳಿಸಿದ ಔಷಧ. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಮೆಥಸೋನ್, ಹೆಚ್ಚೆಂದರೆ 10 ದಿನ: ಇಷ್ಟರಿಂದ ವೆಂಟಿಲೇಟರಿನಲ್ಲಿದ್ದವರ ಸಾವು ಸುಮಾರು ಮೂರರಲ್ಲೊಂದು ಪಾಲು ಇಳಿಯುತ್ತದೆ ಎಂದು ರಿಕವರಿ ಪ್ರಯೋಗ 2020ರ ಜೂನ್‌ನಲ್ಲಿ ತೋರಿಸಿತು. ಆಕ್ಸಿಜನ್ ಬೇಡದವರಿಗೆ ಪ್ರಯೋಜನ ಕಾಣಲಿಲ್ಲ ಎಂದೂ ಅದೇ ಪ್ರಯೋಗ ಹೇಳಿತ್ತು. ಎರಡನೇ ಅಲೆಯ ಗಾಬರಿಯಲ್ಲಿ ಈ ಕೊನೆಯ ಸಾಲನ್ನು ಓದುವ ವ್ಯವಧಾನ ಉಳಿಯಲಿಲ್ಲ. ಡೋಸ್ ಏರಿತು, ದಿನಗಳು ಹೆಚ್ಚಿದವು, ಮನೆಯಲ್ಲಿದ್ದವರೂ ನುಂಗಿದರು, ಸಕ್ಕರೆ ಮಟ್ಟ ನೋಡುವವರಿರಲಿಲ್ಲ. ಆಮೇಲೆ ಬಂದದ್ದು ಬ್ಲ್ಯಾಕ್ ಫಂಗಸ್. 2021ರ ಜೂನ್ ಕೊನೆಗೆ ಕೇಂದ್ರ ಸರ್ಕಾರದ ಲೆಕ್ಕದಲ್ಲಿ 40,845 ಪ್ರಕರಣಗಳು, 3,129 ಸಾವುಗಳು. ರೋಗಿಗಳಲ್ಲಿ ಶೇ 64 ಮಂದಿಗೆ ಮಧುಮೇಹ, ಶೇ 52ಕ್ಕೂ ಹೆಚ್ಚು ಮಂದಿ ಸ್ಟಿರಾಯ್ಡ್ ಪಡೆದವರು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಈ ರೋಗಿಗಳಿಂದ ತುಂಬಿತು, ಆಂಫೊಟೆರಿಸಿನ್ ಇಂಜೆಕ್ಷನ್‌ಗಾಗಿ ಊರೂರು ಅಲೆದವರಿದ್ದರು, ಸೋಂಕು ಮಿದುಳಿಗೆ ಏರದಿರಲೆಂದು ಕಣ್ಣನ್ನೇ ತೆಗೆಸಿಕೊಂಡವರಿದ್ದರು.

ಎರಡನೇ ಸೋಂಕನ್ನು ತಡೆಯುವ ಉಪಾಯಗಳು ಹೊಸವೂ ಅಲ್ಲ, ದುಬಾರಿಯೂ ಅಲ್ಲ. ರೋಗಿಯ ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸುವುದು, ಬಾಯಿ ಶುಚಿ ಮಾಡುವುದು, ಮೂತ್ರದ ಕೊಳವೆ ಇವತ್ತೂ ಬೇಕೇ ಎಂದು ದಿನಾ ಕೇಳಿಕೊಳ್ಳುವುದು, ಆ್ಯಂಟಿಬಯೋಟಿಕ್ ಕೊಡುವ ಮುನ್ನ ರಕ್ತದ ಮಾದರಿ ತೆಗೆಯುವುದು. ಕೈಗವಸಿನ ವಿಷಯ ಬೇರೆಯಾಗಿಯೇ ಹೇಳಬೇಕು. ಎರಡು ಪದರ ಕೈಗವಸು ತೊಟ್ಟವರನ್ನು ಕಾಪಾಡುತ್ತದೆ. ಮಂಚದಿಂದ ಮಂಚಕ್ಕೆ ಹೋಗುವಾಗ ಅದನ್ನು ಬದಲಿಸದಿದ್ದರೆ ರೋಗಾಣುವಿಗೆ ಅದೇ ವಾಹನ. ದೆಹಲಿಯ ಕೋವಿಡ್ ಐಸಿಯು ಒಂದರಲ್ಲಿ 2020ರ ಏಪ್ರಿಲ್–ಜುಲೈ ನಡುವೆ ರಕ್ತದಲ್ಲಿ ಕ್ಯಾಂಡಿಡಾ ಶಿಲೀಂಧ್ರ ಕಂಡ 15 ಮಂದಿಯಲ್ಲಿ 10 ಮಂದಿಗೆ ತಗುಲಿದ್ದು ಕ್ಯಾಂಡಿಡಾ ಆರಿಸ್, ಆಸ್ಪತ್ರೆಯ ಮೇಲ್ಮೈಗಳಿಗೆ ಅಂಟಿಕೊಂಡು ಬಾಳುವ ಜಾತಿ. ಈ ಎಚ್ಚರಿಕೆಗಳನ್ನೆಲ್ಲ ಪಾಲಿಸಬೇಕಾದವರು ನರ್ಸ್‌ಗಳು. ವೆಂಟಿಲೇಟರ್ ರೋಗಿಗೆ ಒಬ್ಬೊಬ್ಬ ನರ್ಸ್ ಬೇಕೆಂಬ ಮಾನದಂಡ ಕಾಗದದಲ್ಲಿದ್ದಾಗ, ಒಬ್ಬರೇ ಹಲವು ಮಂಚಗಳ ನಡುವೆ ಓಡುತ್ತಿದ್ದರು. ಅವರನ್ನು ದೂರುವುದು ಅನ್ಯಾಯ.

ಐಸಿಎಂಆರ್ ಅಧ್ಯಯನದ ಕೊನೆಯಲ್ಲಿ ಸೋಂಕು ನಿಯಂತ್ರಣ ಬಿಗಿಯಾಗಬೇಕು, ಆ್ಯಂಟಿಬಯೋಟಿಕ್ ಬಳಕೆಗೆ ಲಗಾಮು ಬೇಕು ಎಂಬ ಸಲಹೆಯಿದೆ. ಸರಿಯಾದ ಸಲಹೆ, ಆದರೆ ಯಾವ ವಾರ್ಡಿನಲ್ಲಿ ಎಷ್ಟು ಮಂದಿಗೆ ಈ ಸೋಂಕು ತಗುಲಿತು ಎಂಬುದು ಜನರ ಕಣ್ಣಿಗೆ ಬೀಳುವಂತಾಗದ ಹೊರತು ಅದಕ್ಕೆ ಬಲ ಬಾರದು. ಮನೆಯವರ ಕೈಗೆ ಬರುವ, ಸಾವಿನ ಕಾರಣ ತಿಳಿಸುವ ಪ್ರಮಾಣಪತ್ರದಲ್ಲಿ ಕೋವಿಡ್ ನ್ಯುಮೋನಿಯಾ ಎಂದಿರುತ್ತದೆ. ಹನ್ನೆರಡನೇ ದಿನದ ಕಲ್ಚರ್ ವರದಿ, ಅದರಲ್ಲಿ ಕ್ಲೆಬ್ಸಿಯೆಲ್ಲಾದ ಹೆಸರು, ಕೆಳಗೆ ಒಂದೊಂದು ಔಷಧದ ಮುಂದೆಯೂ ‘ರೆಸಿಸ್ಟೆಂಟ್’ ಎಂದು ಸೂಚಿಸುವ ‘ಆರ್’ ಅಕ್ಷರದ ಸಾಲು, ಕೇಸ್ ಶೀಟಿನ ಒಳಪುಟದಲ್ಲಿ ಉಳಿದು ರೆಕಾರ್ಡ್ ರೂಮಿಗೆ ಹೋಗುತ್ತದೆ.