ಬಾಡಿಗೆದಾರನ ಜಾತಕ

ಮುಂಬಯಿಗೆ ಬಂದ ಮೇಲೆ ನಾನು ಆರು ಬಾಡಿಗೆ ಮನೆ ಬದಲಾಯಿಸಿದೆ. ಸಾಂತಾಕ್ರೂಜ್‌ನ ಚಾಳಿನ ಖೋಲಿಯಿಂದ ಶುರುವಾಗಿ ಡೊಂಬಿವಲಿಯ ಒನ್ ರೂಮ್ ಕಿಚನ್‌ವರೆಗೆ ಹತ್ತೊಂಬತ್ತು ವರ್ಷ. ಒಂದು ತಿಂಗಳ ಬಾಡಿಗೆಯೂ ತಪ್ಪಿಲ್ಲ. ಆದರೆ ಆ ಸಂಗತಿ ಎಲ್ಲಿಯೂ ದಾಖಲಾಗಿಲ್ಲ. ಪ್ರತಿ ಸಲವೂ ನಾನು ಹೊಸಬನೇ. ಬ್ರೋಕರ್ ಕೇಳುತ್ತಿದ್ದದ್ದು ಮತ್ತದೇ: ಯಾವ ಊರು, ಯಾವ ಜನ, ವೆಜ್ಜಾ ನಾನ್‌ವೆಜ್ಜಾ, ಫ್ಯಾಮಿಲಿಯಾ ಬ್ಯಾಚುಲರಾ? ಹಿಂದಿನ ಮನೆಯ ಬಾಡಿಗೆ ಸರಿಯಾಗಿ ಕೊಟ್ಟಿದ್ದೀರಾ ಅಂತ ಒಬ್ಬರೂ ಕೇಳಲಿಲ್ಲ.

ಮಾಲಕರ ಭಯಕ್ಕೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. 1947ರ ಬಾಂಬೆ ಬಾಡಿಗೆ ಕಾಯ್ದೆ ಬಾಡಿಗೆಯನ್ನು ಕಟ್ಟಿಹಾಕಿತು. ಪಗಡಿ ಕೊಟ್ಟು ಒಳಗೆ ಕೂತವರನ್ನು ಎಬ್ಬಿಸುವುದು ತಲೆಮಾರುಗಳ ಕೆಲಸವಾಯಿತು. ‘ಲೀವ್ ಅಂಡ್ ಲೈಸೆನ್ಸ್’ ಎಂಬ ಉಪಾಯ ಹುಡುಕಿದರೆ, 1973ರ ಫೆಬ್ರವರಿ 1ರಂದು ಮನೆಯಲ್ಲಿದ್ದ ಲೈಸೆನ್ಸುದಾರರನ್ನೆಲ್ಲ ಕಾನೂನು ಬಾಡಿಗೆದಾರರೆಂದೇ ಮಾನ್ಯಮಾಡಿತು. ಆ ಪೆಟ್ಟನ್ನು ಈ ಶಹರದ ಮಾಲಕ ಇನ್ನೂ ಮರೆತಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಅವನಿಗೆ ಸಾಕಷ್ಟು ಧೈರ್ಯ ಕೊಟ್ಟಿದೆ. ಕರಾರು ಮುಗಿದ ಮೇಲೂ ಬಿಡದವನಿಂದ ದುಪ್ಪಟ್ಟು ವಸೂಲಿ ಮಾಡಬಹುದು. ಆದರೂ ಭಯ ಉಳಿದಿದೆ. ಅದಕ್ಕೆ ಹೊಸ ನೆಪಗಳೂ ಹುಟ್ಟಿವೆ.

ನಮ್ಮ ಕಡೆಯವರಿಗೆ ಒಂದು ಕಾಲದಲ್ಲಿ ಈ ತಾಪತ್ರಯವಿರಲಿಲ್ಲ. ದಕ್ಷಿಣ ಕನ್ನಡದಿಂದ ಬಂದ ಹುಡುಗ ಹೋಟೆಲಿನಲ್ಲೇ ದುಡಿದು, ಹೋಟೆಲಿನಲ್ಲೇ ಮಲಗಿ, ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಕಲಿತ. ಅವನಿಗೊಂದು ಖೋಲಿ ಬೇಕಾದಾಗ “ನಮ್ಮೂರ ಹುಡುಗ, ನಾನಿದ್ದೇನೆ” ಎಂದು ಧಣಿಗಳು ಹೇಳಿದರೆ ಮುಗಿಯಿತು. ಅದೇ ಅವನ ಕ್ರೆಡಿಟ್ ರಿಪೋರ್ಟು. ನಾವು ಇದನ್ನು ಸಂಘದ ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ‘ನಮ್ಮವ’ ಎಂಬ ಮಾತಿನಿಂದ ಬಾಗಿಲು ತೆರೆಯುವುದಾದರೆ, ‘ನಮ್ಮವನಲ್ಲ’ ಎಂಬ ಮಾತಿನಿಂದ ಅದೇ ಬಾಗಿಲು ಮುಚ್ಚುತ್ತದೆ. ಈ ಅರ್ಧವನ್ನು ನಾವು ಹೇಳುವುದಿಲ್ಲ.

ಪರಿಶೀಲನೆ ಬಾಡಿಗೆದಾರನದು ಮಾತ್ರ ಏಕೆ, ಎಂಬುದು ಇನ್ನೊಂದು ಪ್ರಶ್ನೆ. 1977ರಲ್ಲಿ ಭೀಮಸೇನ್ ನಿರ್ದೇಶಿಸಿದ ‘ಘರೌಂದಾ’ ಚಿತ್ರವನ್ನು ಮುಂಬಯಿಯಲ್ಲಿ ಮನೆ ಹುಡುಕಿದವರೆಲ್ಲ ನೋಡಬೇಕು. ಅಮೋಲ್ ಪಾಲೇಕರ್, ಜರೀನಾ ವಹಾಬ್ ಜೋಡಿ ಫ್ಲ್ಯಾಟಿಗೆಂದು ಪೈಸೆ ಪೈಸೆ ಕೂಡಿಸಿ ಕಟ್ಟುತ್ತದೆ. ಬಿಲ್ಡರ್ ದುಡ್ಡಿನೊಂದಿಗೆ ಮಾಯ. ಅಲ್ಲಿಂದ ಮುಂದೆ ಚಿತ್ರ ಪರೀಕ್ಷೆಗೆ ಒಡ್ಡುವುದು ಪ್ರೇಮಿಗಳ ಶೀಲವನ್ನು. ಚಿತ್ರದ ಬಗ್ಗೆ ನನಗಿರುವ ತಕರಾರು ಇದೇ. ಈಗ ಬಿಲ್ಡರನ ಹೆಸರು 2017ರಿಂದ ಮಹಾರೇರಾದ ದಾಖಲೆಯಲ್ಲಿದೆ, ಯಾರೂ ನೋಡಬಹುದು. ಡಿಪಾಸಿಟ್ ನುಂಗಿದ ಮನೆಮಾಲಕನ ಚರಿತ್ರೆ ನೋಡಲು ಎಲ್ಲಿಗೆ ಹೋಗಬೇಕು? ಪೊಲೀಸ್ ಠಾಣೆಯ ಫಾರ್ಮು ಬಾಡಿಗೆದಾರನ ಫೋಟೋ, ಗುರುತಿನ ಚೀಟಿ, ಅವನನ್ನು ಬಲ್ಲ ಇಬ್ಬರ ಹೆಸರು ಕೇಳುತ್ತದೆ. ನಿನ್ನೆ ದಾದರಿನಲ್ಲಿ ರೈಲಿಳಿದವನನ್ನು ಬಲ್ಲವರು ಯಾರು?

ಹಾಗಾದರೆ ಸಿಬಿಲ್ ಸ್ಕೋರನ್ನೇ ನೋಡಲಿ ಎನ್ನಬಹುದು. 2000ದಲ್ಲಿ ಈ ಶಹರದಲ್ಲೇ ಶುರುವಾದ ಸಂಸ್ಥೆ ಅದು. 300ರಿಂದ 900ರವರೆಗಿನ ಆ ಅಂಕ ಸಾಲ, ಕ್ರೆಡಿಟ್ ಕಾರ್ಡುಗಳ ಲೆಕ್ಕ. ಯಾವತ್ತೂ ಸಾಲ ಮಾಡದೆ, ಬಾಡಿಗೆ ನಗದಾಗಿ ಕೊಟ್ಟು ಬಾಳಿದವನಿಗೆ ಅಲ್ಲಿ ಹೆಸರೇ ಇಲ್ಲ. ನ್ಯೂಜೆರ್ಸಿಗೆ ಹೋದ ನನ್ನ ತಂಗಿಯ ಮಗ ಮೊದಲ ತಿಂಗಳು ಫೋನಿನಲ್ಲಿ ಗೋಳಾಡಿದ್ದೂ ಇದನ್ನೇ: “ಮಾಮ, ಇಲ್ಲಿ ಎಲ್ಲರೂ ಕ್ರೆಡಿಟ್ ರಿಪೋರ್ಟ್ ಕೇಳ್ತಾರೆ. ನಂಗೆ ಹಿಸ್ಟರಿನೇ ಇಲ್ವಂತೆ.” ಯಂತ್ರಕ್ಕೂ ಹೊಸಬ ಅಂದರೆ ಅನುಮಾನವೇ. ಆದರೆ ಅಲ್ಲಿಯ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿತು. 1970ರ ಅಲ್ಲಿಯ ಕಾನೂನಿನ ಪ್ರಕಾರ ರಿಪೋರ್ಟು ನೋಡಿ ಮನೆ ಕೊಡದಿದ್ದರೆ ಹಾಗೆಂದು ತಿಳಿಸಲೇಬೇಕು. ಅವನು ಆ ರಿಪೋರ್ಟನ್ನು ತರಿಸಿಕೊಂಡು, ತಪ್ಪಿದ್ದರೆ ತಕರಾರು ಮಾಡಬಹುದು. ಅಂಕಕ್ಕೆ ಎದುರುತ್ತರ ಕೊಡಬಹುದು. ನಮ್ಮಲ್ಲಿ “ಫ್ಲ್ಯಾಟ್ ಆಗಲೇ ಹೋಯಿತು” ಎಂಬ ಸುಳ್ಳಿಗೆ ಏನು ಉತ್ತರ ಕೊಡುವುದು?

ಇದನ್ನು ಬರೆಯುವ ಅರ್ಹತೆ ನನಗೆ ಎಷ್ಟಿದೆಯೋ. ಮುಲುಂಡಿನಲ್ಲಿ ಕೊನೆಗೂ ಸ್ವಂತದ್ದೊಂದು ಫ್ಲ್ಯಾಟಾಗಿ, ಸೊಸೈಟಿಯ ಕಮಿಟಿಗೂ ಸೇರಿದೆ. ಒಂದು ಸಂಜೆ ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಬಂದ. ನನ್ನ ಹೆಸರು ನೋಡಿ “ಸರ್, ಕನ್ನಡದವ್ರೇನ್ರಿ?” ಎಂದು ಮುಖ ಅರಳಿಸಿದ. ಯಾರೂ ಕೇಳದಿದ್ದರೂ ಸಿಬಿಲ್ ರಿಪೋರ್ಟು, ನಾಲ್ಕು ವರ್ಷ ಬಾಡಿಗೆ ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟು, ಹಿಂದಿನ ಮಾಲಕರ ಪತ್ರ ಎಲ್ಲ ಫೈಲಿನಲ್ಲಿ ಜೋಡಿಸಿ ತಂದಿದ್ದ. ನನಗಾಗದ ಕೆಲಸವನ್ನು ಅವನು ಮಾಡಿಕೊಂಡು ಬಂದಿದ್ದ. ಕಮಿಟಿಯವರು ಫೈಲು ಬಿಡಿಸಲಿಲ್ಲ. ಅರ್ಜಿಯ ಮೇಲಿನ ಮುಸ್ಲಿಂ ಹೆಸರು ಓದಿದರು, ಅಷ್ಟೆ. “ಬ್ಯಾಚುಲರ್ ಬೇಡ” ಎಂದು ತೀರ್ಮಾನವಾಯಿತು. ಹಿಂದಿನ ತಿಂಗಳಷ್ಟೇ ಇನ್ನೊಬ್ಬ ಬ್ಯಾಚುಲರನಿಗೆ ಎನ್‌ಓಸಿ ಕೊಟ್ಟಿದ್ದೆವು. ನಿಜ ಹೇಳಬೇಕೆಂದರೆ ಎನ್‌ಓಸಿಯ ಅಗತ್ಯವೇ ಇರಲಿಲ್ಲ. ಮಾದರಿ ಉಪವಿಧಿಗಳ ಪ್ರಕಾರ ಮಾಲಕ ಸೊಸೈಟಿಗೆ ತಿಳಿಸಿದರೆ ಸಾಕು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವನಿಗೆ ಕನ್ನಡದಲ್ಲೇ “ಆಗಲಿಲ್ಲ ಮಾರಾಯ” ಎಂದೆ. “ಯಾಕ್ರಿ ಸರ್, ಪೇಪರ್ಸ್ ಏನಾದ್ರೂ ಕಡಿಮಿ ಇದ್ವೇನು?” ಎಂದು ಕೇಳಿದ. ಕಡಿಮೆಯಿದ್ದದ್ದು ಪೇಪರಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಇನ್ನೂ ದೊಡ್ಡ ದೊಡ್ಡ ರಿಪೋರ್ಟುಗಳು ಬರಬಹುದು. ಬಾಡಿಗೆಯ ಚರಿತ್ರೆಯೂ ಒಂದು ದಿನ ಅಂಕವಾಗಬಹುದು. ಬರಲಿ. ಫೈಲು ಬಿಡಿಸದ ಕೈಗೆ ಅದರಿಂದೇನು ಪ್ರಯೋಜನ? ಮೊದಲು ಆಗಬೇಕಾದದ್ದು ಸಣ್ಣ ಕೆಲಸ. ಬೇಡ ಎನ್ನುವುದಾದರೆ ಯಾಕೆ ಬೇಡವೆಂದು ಬರೆದು, ಸಹಿ ಮಾಡಿ ಕೊಡಬೇಕು. ಆ ಸಂಜೆ ಕಾರಣ ಬರೆಯಬೇಕಾಗಿದ್ದರೆ ನಾವು ಐವರಲ್ಲಿ ಒಬ್ಬರೂ ಪೆನ್ನು ಎತ್ತುತ್ತಿರಲಿಲ್ಲ. ಆ ಹುಡುಗನಿಗೆ ಮನೆ ಸಿಗುತ್ತಿತ್ತು.